ಮಹಡಿಯ ಹಿರಿಯರು

ಬಾಡಿಗೆ ಕೇಳಲು ಬಂದವರ ಎದೆಯ ಮೇಲೆ
ಕಪ್ಪು ಬಿಲ್ಲೆ, ಬಿಳಿ ಅಕ್ಷರ: ಎಲ್ಡರ್ ಸೋರೆನ್ಸನ್. ಎಲ್ಡರ್ ಗುರ್ರಂ.
ಎಲ್ಡರ್ ಅಂದರೆ ಹಿರಿಯ, ನನ್ನ ಇಂಗ್ಲಿಷಿಗೂ ಗೊತ್ತು.
ಕೆನ್ನೆಯಲ್ಲಿ ಬ್ಲೇಡಿನ ಗಾಯ, ಪಕ್ಕದಲ್ಲೇ ಮೊಡವೆ;
ಹಿರಿಯರ ವಯಸ್ಸು ಹತ್ತೊಂಬತ್ತು.
ಒಬ್ಬ ಐಡಹೋದ ಆಲೂಗಡ್ಡೆ ಹೊಲದವ,
ಇನ್ನೊಬ್ಬ ವಿಶಾಖಪಟ್ಟಣದ ಬಂದರಿನ ಕ್ರೇನಿನವನ ಮಗ.

ಮುಂಗಡ ಎಣಿಸುವ ಮೊದಲು ಕಾಫಿ ತಂದಿಟ್ಟೆ.
ಸೇತುವೆ ಮುಳುಗಿದೆ ಎಂದು ತಿಳಿದ ಬಸ್ಸಿನವರ ಹಾಗೆ
ಒಬ್ಬರನ್ನೊಬ್ಬರು ನೋಡಿದರು.
'ಕುಡಿಯೋದಿಲ್ಲ ಆಂಟಿ. ಟೀನೂ ಇಲ್ಲ.'
ಕುಶಾಲನಗರದಲ್ಲಿ! ಕ್ಯೂರಿಂಗ್ ವರ್ಕ್ಸಿನ ಹೊಟ್ಟಿನ ಧೂಳು
ಕಿಟಕಿಯ ಪರದೆಗೂ ಬಣ್ಣ ಕಟ್ಟುವ ಬೀದಿಯಲ್ಲಿ!
ಹಿಂದಿನ ಮನೆಯ ಆಯಿಶಾಬಿ ನಕ್ಕಳು:
'ಹಂದಿ ಆಗ್ತದಂತೆ, ಕಾಫಿ ಆಗೋದಿಲ್ಲವಂತೆ.
ಅವರ ಪಟ್ಟಿ ನಮ್ಮ ಪಟ್ಟಿ ಎಲ್ಲೋ ಅದಲುಬದಲಾಗಿದೆ.'

ನಾನು ನಗಲಿಲ್ಲ. ನನ್ನ ಕೆಲಸ ಹೇಳಿದೆ:
ದಿನಕ್ಕೆ ನಲವತ್ತು ಬಟ್ಟಲು, ಚಮಚದಲ್ಲಿ ಸುರ್ರೆಂದು ಎಳೆದು
ನಾಲಗೆಯ ಮೇಲೆ ಹೊರಳಿಸಿ, ಹುಳಿ, ಮಣ್ಣು, ಹಳೆ ಗೋಣಿ
ಎಂದು ಬರೆದು, ಉಗುಳುವುದು.
ಇಪ್ಪತ್ತಾರು ವರ್ಷ. ಒಂದನ್ನೂ ನುಂಗಿಲ್ಲ.
ಮನೆಯಲ್ಲಿ ನನಗೆ ಬಿಸಿನೀರು ಸಾಕು.
ಸೋರೆನ್ಸನ್ ಕಣ್ಣರಳಿಸಿದ: 'ಹಾಗಾದರೆ ನೀವೂ ನಮ್ಮವರೇ.'
ಇಷ್ಟು ಸುಲಭವೆಂದು ತಿಳಿದಿರಲಿಲ್ಲ.

ಆರೂವರೆಗೆ ಏಳುತ್ತಾರೆ. ಓದುತ್ತಾರೆ. ಸೋಮವಾರ
ಅಂಗಿ ಒಗೆದು ಹಾಕಿದರೆ ತಂತಿಯ ಮೇಲೆ ಹತ್ತು ಬಿಳಿ ಬೆನ್ನು.
ಊರಿಗೆ ಫೋನೂ ಆವತ್ತೇ.
ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ; ಈರುಳ್ಳಿ ತರಲೂ ಇಬ್ಬರು.
ಕರೆದವರ ಮನೆಗೆ ಮಾತ್ರ ಹೋಗುತ್ತಾರೆ, ಕರೆಯುವವರು ಕಡಿಮೆ:
ಕೂಡ್ಲೂರಿನ ನರ್ಸ್, ಕಾಲು ಮುರಿದ ಡ್ರೈವರ್,
ಇಂಗ್ಲಿಷಿಗಷ್ಟೇ ಬರುವ ಮೂರು ಹುಡುಗರು.
ಭಾನುವಾರ ಎಂಟು ಕುರ್ಚಿ ಬಿಡಿಸುತ್ತಾರೆ,
ಐದನ್ನು ಬೆಚ್ಚಗಾಗದೆಯೇ ಮಡಚುತ್ತಾರೆ.

ಹೂಮಳೆ ಬಿದ್ದ ಒಂಬತ್ತನೆಯ ದಿನ
ಸುಂಟಿಕೊಪ್ಪದ ಕಡೆಯ ಗಾಳಿ ದಪ್ಪವಾಗಿತ್ತು.
ಸೋರೆನ್ಸನ್ ಮೆಟ್ಟಿಲ ಮೇಲೆ ನಿಂತು, ತಡವರಿಸುವ ಕನ್ನಡದಲ್ಲಿ:
'ಮೂಸಿದರೆ ಪಾಪವಾ?'
ಗುರ್ರಂ ತುಂಬ ಹೊತ್ತು ಯೋಚಿಸಿದ.

ಸತ್ತವರ ಹುಚ್ಚು ಅವರಿಗೂ, ನಮ್ಮ ಹಾಗೆ.
ಅಜ್ಜನ ಅಜ್ಜಿಯ ಹೆಸರು ಕೇಳುತ್ತಾನೆ, ಇಸವಿ ಕೇಳುತ್ತಾನೆ,
ನಮ್ಮ ಒಕ್ಕದ ಏಳು ತಲೆಮಾರು ನೋಟ್‌ಬುಕ್ಕಿಗಿಳಿಸುತ್ತಾನೆ.
ಹೋದವರಿಗೂ ದೀಕ್ಷಾಸ್ನಾನವಂತೆ, ಅವರ ಪರವಾಗಿ ಇದ್ದವರು ಮುಳುಗಿ.
ದೊಡ್ಡಪ್ಪ ಚಿಟ್ಟಿಯಪ್ಪ ಪುಸ್ತಕ ಮುಚ್ಚಿಸಿದ:
'ನಮ್ಮ ಕಾರಣರಿಗೆ ವರ್ಷಕ್ಕೊಮ್ಮೆ ಮಾಂಸ, ಸಾರಾಯಿ ಇಡ್ತೇವೆ.
ಸುಖವಾಗಿದ್ದಾರೆ. ಒದ್ದೆ ಮಾಡಬೇಡ ಮಗ.'

ಜೂನಿನ ಒಂದು ಸೋಮವಾರ, ಫೋನು ಮುಗಿದ ಮೇಲೂ
ತಂತಿಯ ಕೆಳಗೆ ನಿಂತೇ ಇದ್ದ.
ಅಜ್ಜಿ ಥೋರಾ ಹೋಗಿದ್ದಳು.
ಮಣ್ಣಿಗೆ ಹೋಗುವುದಿಲ್ಲವೇ, ಎಂದೆ.
ಬರಬೇಡವೆಂದು ಅವಳೇ ಹೇಳಿ ಕಳಿಸಿದ್ದಳಂತೆ.
ಇನ್ನೂ ಏಳು ತಿಂಗಳು, ಎಂದ.
ಗುರ್ರಂ ಸೋಪು ತರಲು ಒಳಗೆ ಹೋದಾಗ
ದನಿ ಇಳಿಸಿದ: 'ಅಜ್ಜಿಯ ತವರು ಡೆನ್ಮಾರ್ಕ್.
ಕೊಟ್ಟಿಗೆಯ ಹಿಂದೆ ಕದ್ದು ಕಾಫಿ ಕುಡಿಯುತ್ತಿದ್ದಳು.
ನಾನು ಯಾರಿಗೂ ಹೇಳಿಲ್ಲ.'

ಎರಡು ವಾರಕ್ಕೆ ವರ್ಗ. ಬುಧವಾರ ಬೆಳಗಿನ ಬಸ್ಸು,
ಸೂಟ್‌ಕೇಸಿಗೆ ನಮ್ಮನೆಯ ಹಗ್ಗ.
ಈಗ ಮೇಲಿರುವವನು ಟೋಂಗಾದವನು,
ನಕ್ಕರೆ ನನ್ನ ಅಡುಗೆಮನೆಯ ಪಾತ್ರೆ ನಡುಗುತ್ತದೆ.
ಅವನಿಗೂ ಕಾಫಿ ತಂದಿಟ್ಟೆ, ಮರೆತು.

ಕಾರಣರಿಗೆ ಎಡೆಯಿಟ್ಟ ರಾತ್ರಿ
ದೊಡ್ಡಪ್ಪ ಎಲೆ ಎಣಿಸಿ ತಡೆದ: 'ಒಂದು ಹೆಚ್ಚಿದೆ.'
ಇರಲಿ, ಎಂದೆ.
ಆ ಎಲೆಗೆ ಸಾರಾಯಿ ಇಡಲಿಲ್ಲ.
ಪೀಬೆರಿ, ಆ ವರ್ಷದ ಒಳ್ಳೆಯ ಲಾಟಿನದು,
ನಾನೇ ಹುರಿದು ಪುಡಿಮಾಡಿ ಇಳಿಸಿದ್ದು, ಒಂದು ಲೋಟ.
ಪಾತ್ರೆಯಲ್ಲಿ ಉಳಿದದ್ದನ್ನು ಹಿತ್ತಲಲ್ಲಿ ನಿಂತು ಕುಡಿದೆ,
ಉಗುಳದೆ.

ಸಕ್ಕರೆ ಎಷ್ಟು ಎಂದು ಅವನನ್ನು ಕೇಳಿರಲಿಲ್ಲ.